ತೊಗಲಿನ ಅಂಗಿ

ಬೆಟಗೇರಿಯ ಚರ್ಚಿನ ಹಿಂದೆ, ಹಂಚಿನ ಕೋಣೆಯಲ್ಲಿ
ರವಿವಾರದ ಸಾಲಿ. ಜಮಖಾನೆಯ ಮೇಲೆ ಹನ್ನೊಂದು ಮಕ್ಕಳು.
ಎಸ್ತೇರವ್ವ ಟೀಚರು ಬಣ್ಣದ ಪಟವನ್ನು ಮೊಳೆಗೆ ಸಿಕ್ಕಿಸಿ
ಕೋಲಿನಿಂದ ತೋರಿಸುತ್ತಿದ್ದರು:
ಇದು ಗಿಡ. ಇದು ಹಾವು. ಈಕಿ ಹವ್ವ.
ಪಟದ ಹಣ್ಣು ಕೆಂಪಗೆ, ದುಂಡಗೆ,
ನಮ್ಮಲ್ಲಿ ಯಾರೂ ತಿಂದು ನೋಡಿರದ ಹಣ್ಣು.
ಕಿಟಕಿಯಾಚೆ ನಮ್ಮ ಪೇರಲ ಗಿಡ
ಗಿಳಿ ಕಚ್ಚಿದ್ದನ್ನೆಲ್ಲ ಹೊತ್ತುಕೊಂಡು ನಿಂತಿತ್ತು;
ಅದನ್ನು ಮುಟ್ಟಬೇಡಿರೆಂದು ಯಾರೂ ಹೇಳಿರಲಿಲ್ಲ.

ಎದ್ದು ನಿಂತೆ. ಒಂಬತ್ತು ವರ್ಷ, ಒಂದು ಹಲ್ಲು ಅಲುಗುತ್ತಿತ್ತು.
ಟೀಚರ್, ಹಣ್ಣು ತಿನ್ನೂಕಿಂತ ಮೊದಲ
ಒಳ್ಳೇದು ಕೆಟ್ಟದ್ದು ಗೊತ್ತಿರಲಿಲ್ಲಂದ್ರ
ಮಾತು ಮೀರೂದು ಕೆಟ್ಟದ್ದಂತ
ಆಕಿಗೆ ಹೆಂಗ ಗೊತ್ತಾಗಬೇಕಿತ್ರೀ?

ಕೋಲು ಹವ್ವಳ ಮೊಣಕೈ ಹತ್ತಿರ ನಿಂತುಬಿಟ್ಟಿತು.
ಆಮೇಲೆ ನನ್ನ ಕಡೆ ತಿರುಗಿತು.
ಹೊಡೆಯಲಿಲ್ಲ. ಬಾಗಿಲು ತೋರಿಸಿತು.

ಹೊರಗೆ ಬಂದವಳು ಒಂದು ಪೇರಲ ಕಿತ್ತು ತಿಂದೆ.
ಕಾಯಿ. ಒಗರು. ಕಣ್ಣೇನೂ ತೆರೆಯಲಿಲ್ಲ,
ಹಲ್ಲಿನ ಸಂದಿಯಲ್ಲಿ ಒಂದು ಬೀಜ ಸಿಕ್ಕಿಕೊಂಡಿತು.

ಹದಿನೇಳಕ್ಕೆ ದೃಢೀಕರಣದ ಸರದಿ ಬಂತು.
ಅಪ್ಪ, ಟೇಲರ್ ಸಮುವೇಲಪ್ಪ,
ಬಿಳಿ ಪಾಪ್ಲಿನ್ನು ತಂದು ಕತ್ತರಿಸಿಟ್ಟಿದ್ದ.
ನಂಬುತ್ತೀಯಾ ಎಂದು ಪಾದ್ರಿಗಳು ಕೇಳುವರು,
ನಂಬುತ್ತೇನೆ ಎಂದು ನಾನು ಹೇಳಬೇಕು, ಅಷ್ಟೇ.
ಹೇಳಲಾರೆ ಎಂದೆ. ಹಟಕ್ಕಲ್ಲ.
ಎಲ್ಲ ಬಾಯಿಪಾಠ ಬರುತ್ತಿತ್ತು. ಅದೇ ತೊಂದರೆ:
ನಾಲಿಗೆ ಹೋಗಿ ಮುಟ್ಟಿದಲ್ಲಿ ನಾನಿರಲಿಲ್ಲ.

ಮೂರು ದಿನ ಮನೆಯಲ್ಲಿ ಕತ್ತರಿಯದೇ ಮಾತು.
ಇಪ್ಪತ್ತೆರಡು ವರ್ಷ ರವಿವಾರ ಸೂಜಿ ಮುಟ್ಟದವನು,
ದೀಪಾವಳಿಯ ಗಿರಾಕಿ ಬಾಗಿಲಲ್ಲಿ ನಿಂತು ಬೈದರೂ
ಮಷೀನಿನ ಮುಸುಕು ತೆಗೆಯದವನು
ಆ ರವಿವಾರ ಸಂಜೆ ಕೊರಳಿಗೆ ಟೇಪು ಹಾಕಿಕೊಂಡು ಕರೆದ:
ಬಾ ಇಲ್ಲೆ. ಕೈ ಚಾಚು. ಕಾಲೇಜಿಗೆ ಜಂಪರ ಬೇಕಲ್ಲ?

ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಂದ:
ಅಂಜೂರದ ಎಲಿ ಹಾಲು ಮೈಗೆ ಹತ್ತಿದ್ರ ತುರಸ್ತೈತಿ.
ಅದಕ್ಕ ಆತ ಕುಂತು ತೊಗಲಿನ ಅಂಗಿ ಹೊಲದು ಕೊಟ್ಟ,
ತ್ವಾಟದಿಂದ ಹೊರಗ ಹಾಕೂ ಮೊದಲ.
ಅದನ್ನ ನಿಮ್ಮ ಟೀಚರು ಹೇಳಿಲ್ಲೇನ?

ಹೇಳಿರಲಿಲ್ಲ. ಪಟದಲ್ಲಿ ಅದಕ್ಕೆ ಜಾಗವಿರಲಿಲ್ಲ,
ಕೊನೆಯ ಮೂಲೆ ಪೂರ್ತಿ ಉರಿಯುವ ಕತ್ತಿ.
ಆದರೆ ಅಳತೆ ತೆಗೆಯಬೇಕಾದರೆ ಹತ್ತಿರ ಬರಲೇಬೇಕು.
ಸಿಟ್ಟಿನಲ್ಲಿದ್ದವನು ಅವಳ ತೋಳು ಹಿಡಿದು
ಸ್ವಲ್ಪ ಎತ್ತು ಅಂದನೆ? ಉಸಿರು ಬಿಡು ಅಂದನೆ?
ಅಪ್ಪನ ಬೆರಳು ತಣ್ಣಗಿತ್ತು. ಇಂಚುಗಳನ್ನು
ಗಟ್ಟಿಯಾಗಿ ಹೇಳಿದ, ಬರೆದುಕೊಳ್ಳಲು ಯಾರೂ ಇಲ್ಲದಿದ್ದರೂ.

ಈಗ ನನಗೆ ಅರವತ್ತೊಂದು.
ಚರ್ಚಿಗೆ ಹೋಗುವುದು ಮದುವೆಗೆ, ಮಣ್ಣಿಗೆ.
ಕಪ್ಪತಗುಡ್ಡದ ಗಾಳಿ ಕಿಟಕಿ ಬಡಿಯುವ ರಾತ್ರಿ
ಆ ಕಥೆಯನ್ನು ಪಟವಿಲ್ಲದೆ ಓದುತ್ತೇನೆ.
ಹಣ್ಣಿನ ಗದ್ದಲಕ್ಕೂ ಮೊದಲು ಒಂದು ಚಿಕ್ಕ ಸಂಗತಿ,
ನಾವು ಮಕ್ಕಳು ಓಡುತ್ತ ದಾಟಿ ಬಂದದ್ದು:
ಪ್ರಾಣಿಗಳನ್ನೆಲ್ಲ ಆದಾಮನ ಮುಂದೆ ತಂದು ನಿಲ್ಲಿಸಿ
ಏನಂತ ಕರೀತಾನ ನೋಡೂಣು ಎಂದು
ದೇವರು ಕಾದ.

ಹೋತ, ಅಂದ ಆದಾಮ. ಚಿಗರಿ. ಗೀಜಗ. ಮುಂಗಲಿ. ಹಾವು.
ಹೂಂ, ಅಂದ ದೇವರು. ಒಂದನ್ನೂ ತಿದ್ದಲಿಲ್ಲ.
ಉತ್ತರ ಕೈಯಲ್ಲಿಟ್ಟುಕೊಂಡವರು ಹಾಗೆ ಕಾಯುವುದಿಲ್ಲ.
ಮೂವತ್ತು ವರ್ಷ ಸಾಲಿ ಕಲಿಸಿದ್ದೇನೆ, ನನಗೆ ಗೊತ್ತು.
ನನ್ನ ಕೋಲೂ ಎಷ್ಟೋ ಸಲ ಬಾಗಿಲು ತೋರಿಸಿದೆ.

ಅಪ್ಪನನ್ನು ಮಣ್ಣು ಮಾಡಿದ ವರ್ಷ
ಟ್ರಂಕಿನ ತಳದಲ್ಲಿ ಆ ಜಂಪರ ಸಿಕ್ಕಿತು.
ಹೊಲಿಗೆ ತಿರುವಿ ನೋಡಿದೆ. ಎರಡೂ ಬಗಲಲ್ಲಿ
ಎರಡೆರಡು ಬೆರಳು ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದ,
ಹುಡುಗಿ ಬೆಳೀತಾಳ, ಇರಲಿ ಎಂದು.

ಹವ್ವಳ ಅಂಗಿಗೂ ಹಾಗೆ ಬಿಟ್ಟಿತ್ತೇ,
ಕಥೆ ಹೇಳುವುದಿಲ್ಲ.
ಎದ್ದು ನಿಂತು ಕೇಳೋಣವೆಂದರೆ
ಎಸ್ತೇರವ್ವ ಟೀಚರೂ ಈಗಿಲ್ಲ.